ಮೊಣಕಾಲಿನ ಮದ್ದು

ನಮ್ಮತ್ತೆ ದೋನ್ಯ ತೊಮಾಸಾ ಯಾರನ್ನು ಕಂಡರೂ ಮೊದಲು ಕೇಳುವುದು "ಎಲ್ಲಿ ನೋವು?" ಅಂತ. ಚೆನ್ನಾಗಿದ್ದೀರಾ, ಊಟ ಆಯಿತಾ ಎಂಬ ಮಾತೆಲ್ಲ ಆಮೇಲೆ. ಅಂಚೆಯವನ ಸೊಂಟಕ್ಕೆ ಏನು ಕಟ್ಟಬೇಕು, ಎದುರು ಮನೆಯವಳ ಕೂದಲಿಗೆ ಏನು ಹಚ್ಚಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಂದು ಭಾನುವಾರವಂತೂ ಪಾದ್ರಿಗಳು ಪೂಜೆಯ ನಿಲುವಂಗಿ ಬಿಚ್ಚುವ ಮೊದಲೇ ಅಡ್ಡಗಟ್ಟಿ, ಹೊಟ್ಟೆ ಸಲೀಸಾಗಿ ಹೋಗಬೇಕಾದರೆ ಒಣದ್ರಾಕ್ಷಿ ನೆನೆಸಿ ತಿನ್ನಿ ಎಂದು ಎಲ್ಲರೆದುರು ಹೇಳಿ ನನ್ನ ಮಾನ ಕಳೆದಿದ್ದರು. ಇಪ್ಪತ್ತಾರು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ನಿಂತವಳು ನಾನು. ಉಪ್ಪು, ಎಣ್ಣೆ, ಮಗಳನ್ನು ಬೆಳೆಸುವ ರೀತಿ, ಯಾವುದರಲ್ಲೂ ನಮಗೆ ಹೊಂದುತ್ತಿರಲಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಅವರ ಮದ್ದು ನಾಟುತ್ತಿತ್ತು.

ಅದರಲ್ಲೂ ಮೊಣಕಾಲಿನ ಮದ್ದು. ಸ್ಪಿರಿಟ್ಟಿನಲ್ಲಿ ಗಾಂಜಾ ಸೊಪ್ಪು ನೆನೆಹಾಕಿ, ಸೀಸೆಯನ್ನು ಕತ್ತಲಲ್ಲಿಟ್ಟು, ಸೊಪ್ಪಿನ ಹಸಿರೆಲ್ಲ ಇಳಿದ ಮೇಲೆ ಮಂಡಿಗೆ ತಿಕ್ಕುವುದು. ಮೆಕ್ಸಿಕೊದ ಚಿವಾವಾ ಕಡೆಯ ನಮ್ಮ ಮುದುಕಿಯರ ಮನೆಗಳಲ್ಲಿ ಶಿಲುಬೆ ಇದ್ದ ಹಾಗೆ ಈ ಸೀಸೆಯೂ ಇರುತ್ತದೆ. ಕುಡಿಯುವುದಲ್ಲ, ಸೇದುವುದಲ್ಲ. ಸೇದುವವರನ್ನು ಕಂಡರೆ ಅತ್ತೆ ಉರಿದುಬೀಳುತ್ತಿದ್ದರು. ಮೊದಲೆಲ್ಲ ಆ ಸೊಪ್ಪು ಯಾರ್ಯಾರದೋ ಕೈಯಿಂದ ಕದ್ದುಮುಚ್ಚಿ ಬರುತ್ತಿತ್ತು. ಅಮೆರಿಕದಲ್ಲಿ ನಾವಿರುವ ಕೊಲೊರಾಡೊ ರಾಜ್ಯದ ಸರ್ಕಾರ ಅದಕ್ಕೆ ಅನುಮತಿ ಕೊಟ್ಟ ಮೇಲೆ ನಮ್ಮ ಪ್ವೆಬ್ಲೊ ಊರಿನಲ್ಲಿ ಬೇಕರಿಯ ಪಕ್ಕದಲ್ಲೇ ಅಂಗಡಿ ತೆರೆಯಿತು. ನನ್ನ ಮಗಳು ಯಾದಿರಾ ಊರಾಚೆ ಗಾಜಿನ ಚಾವಣಿಯ ತೋಟದಲ್ಲಿ ಗಾಂಜಾ ಗಿಡ ಸವರುವ ಕೆಲಸಕ್ಕೆ ಸೇರಿದಳು. ಅಜ್ಜಿಯ ಸೀಸೆಗೆ ಬೇಕಾದ ಸೊಪ್ಪನ್ನು ಅಂಗಡಿಯಿಂದ ರಸೀದಿ ಸಮೇತ ತರುತ್ತಿದ್ದಳು. ರಸೀದಿಯಲ್ಲಿ ತೆರಿಗೆ ಬೇರೆ. ನಾನು ಅಡುಗೆ ಮಾಡುವ ಶಾಲೆಗೆ ಹೊಸ ಚಾವಣಿ ಬಂದದ್ದು ಆ ತೆರಿಗೆಯಿಂದಲೇ. ಇನ್ನು ಯಾರಿಗೆ ಹೆದರಬೇಕು ಅಂದುಕೊಂಡೆವು ನಾವು.

ನನ್ನ ಗಂಡ ರೊಹೆಲಿಯೊ ಮಾತ್ರ ಅದನ್ನು ಕೆಲಸ ಎಂದು ಕರೆಯುತ್ತಿರಲಿಲ್ಲ. ಅವನು ಉಕ್ಕಿನ ಕಾರ್ಖಾನೆಯವನು. "ನಿನ್ನ ಮಗಳು ಹುಲ್ಲು ಕೊಯ್ಯೋಕೆ ಹೋದ್ಲಾ?" ಎಂದು ದಿನಾ ಬೆಳಗ್ಗೆ ನನ್ನನ್ನು ಕುಟುಕುತ್ತಿದ್ದ. ಅವಳು ಒಳ್ಳೆಯದು ಮಾಡಿದರೆ ಅವನ ಮಗಳು, ಇಲ್ಲದಿದ್ದರೆ ನನ್ನ ಮಗಳು.

ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿ ಸುಡುವ ಕಾಲ. ಊರೆಲ್ಲ ಸುಟ್ಟ ಸಿಪ್ಪೆಯ ವಾಸನೆ. ಎರಡು ಮೂಟೆ ಸುಡಿಸಿ ತಂದು ಹಿತ್ತಲಿನಲ್ಲಿ ಎಲ್ಲರೂ ಕುಳಿತು ಸುಲಿಯುತ್ತಿದ್ದೆವು. ಆಗ ಕಮಾರ್ಗೊದಿಂದ ಫೋನ್ ಬಂತು. ಮೆಕ್ಸಿಕೊದ ಆ ಊರಿನಲ್ಲಿ ಅತ್ತೆಯ ತಂಗಿ ಚೊನಾ ಇದ್ದಳು. ಚೊನಾಳನ್ನು ಹೆತ್ತು ತಾಯಿ ತೀರಿಕೊಂಡಾಗ ಅತ್ತೆಗೆ ಒಂಬತ್ತು ವರ್ಷ. ಅವತ್ತಿನಿಂದ ಮಗುವನ್ನು ಸೊಂಟದಿಂದ ಇಳಿಸದೆ ಸಾಕಿದವರು. ಹೆಸರಿಗೆ ತಂಗಿ, ಲೆಕ್ಕಕ್ಕೆ ಮೊದಲ ಮಗಳು. ಫೋನು ಮಾಡಿದ್ದು ಚೊನಾಳ ಮಗ ಲಾಲೊ. ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ಹೆಚ್ಚು ಕಾಲ ಇಲ್ಲ ಎಂದ.

ಅತ್ತೆ ಮೆಣಸಿನಕಾಯಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತರು. "ನಾನು ಹೋಗ್ತೀನಿ. ಅವಳ ಕೊನೇವರೆಗೂ ಅಲ್ಲೇ ಇರ್ತೀನಿ."

"ಅಮ್ಮ, ಸ್ವಲ್ಪ ತಾಳು," ಎಂದ ರೊಹೆಲಿಯೊ. "ಗ್ರೀನ್ ಕಾರ್ಡ್ ಇಟ್ಕೊಂಡು ವರ್ಷಗಟ್ಲೆ ಅಲ್ಲಿ ಕೂತ್ರೆ ಕಾರ್ಡು ಹೋಗುತ್ತೆ. ಪೌರತ್ವಕ್ಕೆ ಅರ್ಜಿ ಹಾಕಿ ಆಗಿದೆ. ಮುಂದಿನ ತಿಂಗಳು ಡೆನ್ವರಿನಲ್ಲಿ ಸಂದರ್ಶನ. ಅದೊಂದು ಮುಗಿದ್ರೆ ಎಷ್ಟು ದಿನ ಬೇಕಾದ್ರೂ ಇದ್ದು ಬಾ. ಯಾವನೂ ಕೇಳಲ್ಲ."

"ಚೊನಾ ಕಾಯ್ಬೇಕಲ್ಲ?"

"ಒಂದು ತಿಂಗಳು ಕಾಯ್ತಾಳೆ ಬಿಡಮ್ಮ."

ಮಗ ಹೇಳಿದನೆಂದು ಅತ್ತೆ ತಾಳಿದರು. ನಾನೂ ತಾಳಿ ಎಂದೆ. ಸುಳ್ಳು ಯಾಕೆ ಹೇಳಲಿ.

ಸಂದರ್ಶನದ ದಿನ ಯಾದಿರಾ ಕಾರು ಓಡಿಸಿದಳು, ನಾನು ಪಕ್ಕದಲ್ಲಿ. ಅತ್ತೆ ಇಸ್ತ್ರಿ ಮಾಡಿದ ಲಂಗ, ಮುತ್ತಿನ ಓಲೆ ಹಾಕಿಕೊಂಡು ಹಿಂದೆ ಕುಳಿತು ಅಲ್ಲಿ ಕೇಳುತ್ತಾರೆಂದು ದಾರಿಯುದ್ದಕ್ಕೂ ಅಮೆರಿಕದ ಅಧ್ಯಕ್ಷರ ಹೆಸರು ಉರುಹೊಡೆದರು. ಕಚೇರಿಯೊಳಗೆ ಅವರನ್ನು ಒಬ್ಬರನ್ನೇ ಕರೆದರು. ತುಂಬ ಹೊತ್ತಾದ ಮೇಲೆ ನಗುನಗುತ್ತ ಹೊರಗೆ ಬಂದರು.

"ಎಲ್ಲಾ ಹೇಳ್ದೆ," ಎಂದರು ಕಾರಿನಲ್ಲಿ ಕಾಲು ಚಾಚುತ್ತ. "ಪ್ರಶ್ನೆ ಕೇಳಿದ ಹುಡುಗ ಒಳ್ಳೇವ್ನು. ನಮ್ಮೋರ ಪೈಕೀನೇ, ಸ್ಪ್ಯಾನಿಷ್ ಚೆನ್ನಾಗಿ ಮಾತಾಡ್ತಾನೆ. ಪಾಪ, ಟೈಪ್ ಮಾಡಿ ಮಾಡಿ ಮಣಿಕಟ್ಟು ಊದ್ಕೊಂಡಿತ್ತು. ಪಟ್ಟಿ ಸುತ್ಕೊಂಡಿದ್ದ."

ನನಗೆ ನಗು ಬಂತು. "ಸರಿ ಹೋಯ್ತು. ಅವನಿಗೂ ಮದ್ದು ಹೇಳಿದ್ರಾ?"

"ಹೇಳದೆ ಬಿಡ್ತೀನಾ? ಸೀಸೆ ಹೇಗೆ ಮಾಡೋದು ಅಂತ ಪೂರ್ತಿ ಹೇಳ್ದೆ."

ಯಾದಿರಾ ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿದಳು. "ಅಜ್ಜಿ, ಯಾವ ಸೀಸೆ?"

"ಇನ್ಯಾವುದೇ? ಮೊಣಕಾಲಿಂದು."

"ಮಾದಕ ವಸ್ತು ಇಟ್ಕೊಂಡಿದ್ರಾ ಅಂತ ಅವನು ಕೇಳ್ಲಿಲ್ವಾ?"

"ಅದನ್ನ ಮೊದಲೇ ಕೇಳಿದ್ದ. ಅಂಥಾ ದರಿದ್ರ ನಮ್ಮನೇಲಿಲ್ಲಪ್ಪ ಅಂದೆ. ಆಮೇಲೆ ಮಣಿಕಟ್ಟು ಉಜ್ಜಿಕೊಳ್ತಿದ್ನಲ್ಲ, ಅದಕ್ಕೆ ಮದ್ದು ಹೇಳ್ದೆ. ಟೈಪ್ ಮಾಡೋದು ನಿಲ್ಲಿಸಿಬಿಟ್ಟ. ಆ ಸೊಪ್ಪು ಎಲ್ಲಿಂದ ಬರುತ್ತಮ್ಮ ಅಂದ. ಮೊಮ್ಮಗಳು ತರ್ತಾಳೆ, ರಸೀದಿ ಇದೆ, ತೆರಿಗೆ ಕಟ್ಟಿದೀವಿ ಅಂದೆ. ಎಷ್ಟು ವರ್ಷದಿಂದ ಅಂದ. ಮದುವೆ ಆದಾಗಿಂದ ಅಂದೆ. ಯಾಕೋ ಮುಖ ಸಣ್ಣ ಮಾಡ್ಕೊಂಡ. ನಾನು ಹೇಳಿದ್ದನ್ನೆಲ್ಲ ಬರೆದು, ಓದಿ ಹೇಳಿ, ರುಜು ಹಾಕಿ ಅಂದ. ಹಾಕ್ದೆ."

ಯಾದಿರಾ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಲಾರಿಗಳು ಪಕ್ಕದಲ್ಲೇ ಭರ್ರೆಂದು ಹೋಗುತ್ತಿದ್ದವು. ಅವಳ ತೋಟದಲ್ಲಿ ಗ್ರೀನ್ ಕಾರ್ಡಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಮೇಸ್ತ್ರಿ ಎಚ್ಚರಿಸುತ್ತಿದ್ದನಂತೆ, ಇದು ವಾಷಿಂಗ್ಟನ್ನಿನವರ ಕಿವಿಗೆ ಬಿದ್ದರೆ ನಿಮ್ಮ ಕಾಗದಪತ್ರಕ್ಕೆ ಕಲ್ಲು ಬಿತ್ತೆಂದೇ ತಿಳಿಯಿರಿ ಎಂದು. ಯಾದಿರಾ ಇಲ್ಲೇ ಹುಟ್ಟಿದವಳು. ತನಗಲ್ಲದ ಮಾತೆಂದು ಕೇಳಿ ಬಿಟ್ಟಿದ್ದಳು.

"ಏನಾಯ್ತೇ? ಟೈರು ಹೋಯ್ತಾ?" ಎಂದರು ಅತ್ತೆ.

ಸಂಜೆ ರೊಹೆಲಿಯೊ ಊಟಕ್ಕೆ ಕುಳಿತ ಮೇಲೆ ವಿಷಯ ಹೇಳಿದೆ. ಹೊಟ್ಟೆ ತುಂಬಿದ ಮೇಲೆ ಹೇಳಬೇಕಿತ್ತು. ಅವನು ರೊಟ್ಟಿಯನ್ನು ತಟ್ಟೆಗೆ ಎಸೆದ.

"ಆ ಕೆಲಸ ಬಿಡು ಅಂತ ಎಷ್ಟು ಸಲ ಬಡ್ಕೊಂಡೆ ನಿನಗೆ?"

"ಬಿಟ್ಟು? ನಿನ್ನ ಕಾರ್ಖಾನೇಲಿ ಪಾಳಿ ಕಮ್ಮಿ ಮಾಡಿದಾಗ ಬಾಡಿಗೆ ಯಾರು ಕಟ್ಟಿದ್ದಪ್ಪ?" ಯಾದಿರಾ ಕೂಡ ಬಿಡುವವಳಲ್ಲ.

"ನಿನ್ನ ಸೊಪ್ಪು ನಮ್ಮಮ್ಮನ ಕುತ್ತಿಗೆಗೆ ಬಂತಲ್ಲೇ!"

"ಬೋರ್ಡು ಹಾಕ್ಕೊಂಡು ಮಾರ್ತಾರೆ. ಪೊಲೀಸಿನವನೇ ರಜದ ದಿನ ಬಂದು ತಗೊಂಡು ಹೋಗ್ತಾನೆ. ಅಜ್ಜಿ ಮಂಡಿಗೆ ಹಚ್ಕೊಂಡ್ರೆ ಅಪರಾಧನಾ?"

"ಪೊಲೀಸಿನವನು ಇಲ್ಲಿ ಹುಟ್ಟಿದೋನು. ನಿಮ್ಮಜ್ಜಿ ಇಲ್ಲಿ ಹುಟ್ಲಿಲ್ಲ. ಅಷ್ಟೂ ತಿಳಿಯಲ್ವಾ?"

ಅತ್ತೆ ಕಾಳಿನ ಸಾರು ಬಡಿಸುವ ಸೌಟನ್ನು ಮೇಜಿನ ಮೇಲೆ ಕುಟ್ಟಿದರು. "ನಾನಿನ್ನೂ ಬದುಕಿದೀನಿ. ನನ್ನೆದುರಿಗೇ ನನ್ನ ಪಂಚಾಯಿತಿ ಮಾಡ್ಬೇಡಿ. ಆ ಹುಡುಗ ಒಳ್ಳೇವ್ನು. ನನಗೇನೂ ಮಾಡಲ್ಲ."

ರೊಹೆಲಿಯೊ ಎದ್ದುಹೋಗಿ ಸೀಸೆ ತಂದ. ಅದರಲ್ಲಿದ್ದುದನ್ನೆಲ್ಲ ಅಡುಗೆಮನೆಯ ತೊಟ್ಟಿಗೆ ಸುರಿದ. ಮನೆಯೆಲ್ಲ ಘಮ್ಮೆಂದಿತು. ಅತ್ತೆ ತಡೆಯಲಿಲ್ಲ. "ಸುರಿ. ಮಂಡಿ ನಂದು ತಾನೆ," ಎಂದಷ್ಟೇ ಹೇಳಿದರು.

ಮರುವಾರ ಚರ್ಚಿನ ಸಭಾಂಗಣದಲ್ಲಿ ವಲಸೆಯವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆಯ ಹತ್ತಿರ ಹೋದೆವು. ಕನ್ನಡಕದ ಹೆಂಗಸು, ಮಾತಿನಲ್ಲಿ ಮರ್ಯಾದೆ ಇತ್ತು. ಎಲ್ಲ ಕೇಳಿಕೊಂಡು ಪೆನ್ನು ಕೆಳಗಿಟ್ಟಳು.

"ಕೊಲೊರಾಡೊ ಕಾನೂನಿನ ಪ್ರಕಾರ ನಿಮ್ಮತ್ತೆ ಏನೂ ತಪ್ಪು ಮಾಡಿಲ್ಲ. ಆದರೆ ಪೌರತ್ವ ಕೊಡೋದು ರಾಜ್ಯ ಅಲ್ಲ, ಕೇಂದ್ರ. ಕೇಂದ್ರದ ಕಾನೂನಲ್ಲಿ ಗಾಂಜಾ ಇನ್ನೂ ಅಪರಾಧ. ಕೋರ್ಟು, ಶಿಕ್ಷೆ ಏನೂ ಬೇಕಾಗಿಲ್ಲ. ತಾನಾಗೇ ಒಪ್ಕೊಂಡ್ರೆ ಸಾಕು."

"ಹಚ್ಚಿದ್ದು ಮಂಡಿಗೆ ಕಣಮ್ಮ," ಎಂದರು ಅತ್ತೆ.

"ಎಲ್ಲಿಗೆ ಹಚ್ಚಿದ್ರಿ ಅಂತ ಕಾನೂನು ಕೇಳೋದಿಲ್ಲ ದೋನ್ಯ ತೊಮಾಸಾ."

"ಪೌರತ್ವ ಹೋದ್ರೆ ಹೋಗ್ಲಿ," ಎಂದೆ ನಾನು. "ಇರೋ ಗ್ರೀನ್ ಕಾರ್ಡಿನಲ್ಲೇ ತಂಗೀನ ನೋಡ್ಕೊಂಡು ಬರಬಹುದಲ್ಲ?"

ವಕೀಲೆ ಬೇಡವೆಂಬಂತೆ ತಲೆಯಾಡಿಸಿದಳು. "ಇಲ್ಲೇ ಇದ್ರೆ ಬಹುಶಃ ಯಾರೂ ತಂಟೆಗೆ ಬರಲ್ಲ. ಗಡಿ ದಾಟಿ ಹೋದ್ರೆ, ವಾಪಸ್ ಬರುವಾಗ ಗಡಿಯ ಸೇತುವೆ ಮೇಲೆ ಆ ಕಾಗದ ತೆಗೀತಾರೆ. ಅವರೇ ರುಜು ಹಾಕಿದ್ದು. ಒಳಗೆ ಬಿಡದೇ ಇರಬಹುದು. ನನ್ನ ಕೇಳಿದ್ರೆ, ಹೋಗಲೇಬೇಡಿ."

"ಯಾವತ್ತಿನವರೆಗೆ?"

ವಕೀಲೆ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ಮಾತು ಮುಗಿದ ಮೇಲೆ ಅವಳು ಕುತ್ತಿಗೆ ಹಿಡಿದುಕೊಂಡು ನೋವಿನಿಂದ ಅತ್ತಿತ್ತ ಹೊರಳಿಸಿದಳು. ಅತ್ತೆ ನೋಡಿದರು, ಎಲ್ಲಿ ನೋವು ಎಂದು ಕೇಳಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ನಿರಾಕರಣೆಯ ಪತ್ರ ಡಿಸೆಂಬರಿನಲ್ಲಿ ಬಂತು. ಹಬ್ಬಕ್ಕೆ ತಮಾಲೆ ಕಟ್ಟುವ ದಿನ. ಮುಸುಕಿನ ಜೋಳದ ಹಿಟ್ಟು ಕಲಸಿ, ಅದರ ಸಿಪ್ಪೆಯೊಳಗೆ ಮಾಂಸ ಇಟ್ಟು ಮಡಿಸುತ್ತ ಕುಳಿತಿದ್ದೆವು. ಯಾದಿರಾ ಪತ್ರ ಓದಿದಳು. ಅರ್ಜಿದಾರರು ಉತ್ತಮ ನಡತೆಯವರೆಂದು ರುಜುವಾತಾಗಿಲ್ಲ ಎಂದಿತ್ತು. ಎಪ್ಪತ್ತೊಂದು ವರ್ಷದ ಹೆಂಗಸಿನ ನಡತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಅತ್ತೆಯನ್ನು ಏನು ಬೇಕಾದರೂ ಅಂದೇನು, ಬೇರೆಯವರು ಅನ್ನುವುದಕ್ಕೆ ಅವರ್ಯಾರು?

ಅತ್ತೆ ತಮಾಲೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಹಬ್ಬ ಮುಗೀಲಿ. ಬಸ್ಸಿಗೆ ಹೋಗ್ತೀನಿ."

"ವಾಪಸ್ ಬಿಡಲ್ಲಮ್ಮ ನಿನ್ನ!" ರೊಹೆಲಿಯೊ ಕುರ್ಚಿಯಿಂದ ಅರ್ಧ ಎದ್ದ.

"ಬಿಡ್ದಿದ್ರೆ ಅಲ್ಲೇ ಇರ್ತೀನಿ."

"ಅಲ್ಲೇ ಇರ್ತೀಯಾ? ಹೃದಯದ ಮಾತ್ರೆ ಯಾರು ಕೊಡಿಸ್ತಾರೆ? ಅಪ್ಪನ್ನ ಇಲ್ಲಿ ಮಲಗಿಸಿದೀವಿ. ಗೋರಿಯ ಕಲ್ಲಿನ ಮೇಲೆ ಅವರ ಪಕ್ಕ ನಿನ್ನ ಹೆಸರೂ ಕೆತ್ತಿಸಿ ಇಟ್ಟಿದೀಯ. ಅದನ್ನೇನು ಮಾಡ್ಲಿ?"

"ನಿಮ್ಮಪ್ಪ ಸತ್ತಾಗಿದೆ. ಕಾಯ್ತಾನೆ. ಚೊನಾ ಇನ್ನೂ ಬದುಕಿದಾಳೆ."

"ನಾನೂ ಬದುಕಿದೀನಿ! ಒಬ್ಬನೇ ಮಗ!"

"ಗೊತ್ತು ಕಣೋ. ನಿನ್ನ ಮಾತು ಕೇಳಿಯೇ ಮೂರು ತಿಂಗಳು ಕಾಯ್ದಿದ್ದು."

ರೊಹೆಲಿಯೊ ಹೊರಗೆ ಹೋಗಿ ಹಿಮ ಬಿದ್ದ ಅಂಗಳದಲ್ಲಿ ನಿಂತ. ಅವತ್ತು ತಮಾಲೆ ಬೆಂದದ್ದೂ ಸರಿಯಾಗಲಿಲ್ಲ, ಯಾರೂ ಅದನ್ನು ಎತ್ತಿ ಆಡಲೂ ಇಲ್ಲ.

ಹಬ್ಬ ಕಳೆದ ಮರುದಿನ ಅತ್ತೆಯ ಮೆಕ್ಸಿಕೊ ಪಾಸ್‌ಪೋರ್ಟು ಕಾಣಲಿಲ್ಲ. ಬಟ್ಟೆಯ ಕಪಾಟು, ಹಾಸಿಗೆಯಡಿ, ಕೊನೆಗೆ ಹಿಟ್ಟಿನ ಡಬ್ಬವನ್ನೂ ಬೋರಲು ಹಾಕಿ ಹುಡುಕಿದರು. ನಾನು ಪೇಟೆಯಿಂದ ಬಂದರೆ ನೆಲವೆಲ್ಲ ಮೈದಾಹಿಟ್ಟು, ನಡುವೆ ನೋಯುವ ಕಾಲು ಚಾಚಿಕೊಂಡು ಅತ್ತೆ.

"ನೀನೇ ಬಚ್ಚಿಟ್ಟಿದೀಯ."

"ನಾನ್ಯಾಕೆ ಬಚ್ಚಿಡ್ಲಿ? ನೀವು ಹೋದ್ರೆ ನನಗೆ ಅಡುಗೆಮನೆ ಸಿಗ್ತಿತ್ತು!"

"ಅದೇ ನೋಡು, ಬಾಯಿಗೆ ಬಂತು ಮನಸ್ಸಿನಲ್ಲಿರೋದು!"

"ಹೌದು, ಬಂತು! ನಿಮಗೆ ಮಾತ್ರ ಬರುತ್ತಾ?"

ಇಬ್ಬರೂ ಕೂಗಾಡಿ ಸುಸ್ತಾದೆವು. ಆಮೇಲೆ ನಾನೇ ಅವರ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಿ, ಮಂಡಿಗೆ ಬಿಸಿನೀರಿನ ಬಟ್ಟೆ ಹಾಕಿದೆ. ಸಂಜೆ ರೊಹೆಲಿಯೊ ಬಾಗಿಲಲ್ಲೇ ನಿಂತು ಹೇಳಿದ.

"ನಾನೇ ತಗೊಂಡಿದ್ದು. ಕಾರ್ಖಾನೆಯ ಪೆಟ್ಟಿಗೇಲಿ ಬೀಗ ಹಾಕಿ ಇಟ್ಟಿದೀನಿ. ಕೊಡಲ್ಲ. ಬೇಕಾದ್ರೆ ಹೊಡಿ."

ಅತ್ತೆ ಹೊಡೆಯಲಿಲ್ಲ. ಮಾತು ಬಿಟ್ಟರು. ಅವನು ಎದುರಿಗೇ ಕುಳಿತಿದ್ದರೂ "ಯಾದಿರಾ, ನಿಮ್ಮಪ್ಪನಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳು" ಎನ್ನುತ್ತಿದ್ದರು. "ಸಾಕು ಅಂತ ಹೇಳು" ಎನ್ನುತ್ತಿದ್ದ ಅವನು. ಜನವರಿಯೆಲ್ಲ ಹೀಗೇ ಹೋಯಿತು. ಮನೆಯಲ್ಲಿ ಎಲ್ಲರೂ ಉಣ್ಣುತ್ತಿದ್ದೆವು, ಯಾರಿಗೂ ಉಂಡ ಹಾಗೆ ಇರಲಿಲ್ಲ.

ಯಾದಿರಾ ತೋಟದ ಕೆಲಸ ಬಿಟ್ಟಳು. ಯಾರೂ ಬಿಡು ಎಂದು ಆಗ ಹೇಳಿರಲಿಲ್ಲ. ಕೈಗೆ ಅಂಟಿದ ವಾಸನೆ ಹೋಗುವವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. "ಅಜ್ಜಿ, ನಿನ್ನ ಬದಲು ನಾನು ಹೋಗ್ತೀನಿ. ನನ್ನನ್ನ ಯಾರೂ ತಡೆಯಲ್ಲ."

ಹೋಗಿ ಎರಡು ವಾರ ಕಮಾರ್ಗೊದಲ್ಲಿದ್ದು ಬಂದಳು. ಚೊನಾಳಿಗೆ ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸಿ ಬಂದಳು. ವಾಪಸ್ಸಾದ ದಿನ ಎಲ್ಲರೂ ಮೇಜಿನ ಸುತ್ತ ಕುಳಿತಿದ್ದಾಗ ಅತ್ತೆ ಕೇಳಿದರು. "ಏನಂದ್ಲು?"

"ದಿನಾ ಒಂದೇ ಮಾತು ಅಜ್ಜಿ. ನೀನು ಚೆನ್ನಾಗಿ ನೋಡ್ಕೋತೀಯ ಮಗಾ, ಆದ್ರೆ ಅಕ್ಕ ಯಾವಾಗ ಬರ್ತಾಳೆ ಅಂತ. ಕಾಗದ ಬರಬೇಕು ಅಂದೆ. ಹಾಗಾದ್ರೆ ಅಲ್ಲೀವರೆಗೂ ಇರ್ತೀನಿ ಬಿಡು ಅಂದ್ಲು. ಡಾಕ್ಟ್ರಿಗೇ ಆಶ್ಚರ್ಯ, ಇನ್ನೂ ಹೇಗೆ ಉಸಿರಾಡ್ತಿದಾಳೆ ಅಂತ."

ರೊಹೆಲಿಯೊ ತಟ್ಟೆ ಸರಿಸಿ ಎದ್ದ. ಮರುದಿನ ಶುಕ್ರವಾರ. ಪಾಳಿ ಮುಗಿಸಿ ಬಂದವನು ಬೂಟು ಕೂಡ ಬಿಚ್ಚದೆ ತಾಯಿಯ ಮುಂದೆ ನಿಂತು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಟ್ಟ.

"ಅಮ್ಮ, ನಾಳೆ ಬೆಳಗ್ಗೆ ಹೊರಡೋಣ. ನಾನೇ ಕರ್ಕೊಂಡು ಹೋಗ್ತೀನಿ. ವಾಪಸ್ ಬಿಟ್ರೆ ಬಿಡ್ಲಿ, ಬಿಡ್ದಿದ್ರೆ ಪ್ರತೀ ತಿಂಗಳು ಬಂದು ನೋಡ್ತೀನಿ."

ಅತ್ತೆ ಅವನ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡರು. ಎಷ್ಟೋ ವಾರಗಳ ಮೇಲೆ ನೇರವಾಗಿ ಮಾತಾಡಿದರು. "ಊಟ ಮಾಡು. ತಣ್ಣಗಾಗುತ್ತೆ."

ಶನಿವಾರ ಬೆಳಗ್ಗೆ ನಾನು ದಾರಿಗೆಂದು ಮೈದಾ ರೊಟ್ಟಿಯಲ್ಲಿ ಕಾಳು, ಮೆಣಸಿನಕಾಯಿ ಸುತ್ತಿ ಬೆಳ್ಳಿಕಾಗದದಲ್ಲಿ ಮಡಿಸಿದೆ. ರೊಹೆಲಿಯೊ ಪೆಟ್ಟಿಗೆಗಳನ್ನು ಕಾರಿಗೆ ಏರಿಸಿದ. ಅತ್ತೆ ದಪ್ಪ ಕೋಟು ತೊಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕುಳಿತಿದ್ದರು. ಬಿಸಿಲು ಆಗ ತಾನೇ ಕಿಟಕಿಗೆ ಬಂದಿತ್ತು. ಫೋನು ಬಡಿದುಕೊಂಡಿತು. ಲಾಲೊ.

"ಅತ್ತಿಗೆ, ಡಾಕ್ಟ್ರು ಈಗ ಬಂದು ಹೋದ್ರು. ಮಧ್ಯಾಹ್ನ ದಾಟೋದು ಕಷ್ಟ ಅಂದ್ರು. ಎಲ್ಲಿದೀರಾ?"

"ಇನ್ನೂ ಮನೇಲೇ ಇದೀವಿ ಲಾಲೊ. ಈಗ ಹೊರಟಿದ್ವಿ."

"ಅಯ್ಯೋ ದೇವ್ರೇ. ಅಣ್ಣ ನಿನ್ನೆ ಫೋನಲ್ಲಿ ಬರ್ತೀವಿ ಅಂದಿದ್ದಕ್ಕೆ, ಆಗ್ಲೇ ಹೊರಟ್ರು ಅಂತ ಅಮ್ಮಂಗೆ ಹೇಳಿಬಿಟ್ಟೆ. ಕಣ್ಣು ಬಿಟ್ಟಾಗೆಲ್ಲ ಎಲ್ಲಿ ಬಂದ್ರು ಅಂತ ಕೇ‌ಳ್ತಾಳೆ. ಈಗ ಏನು ಹೇಳ್ಲಿ?"

ಕಮಾರ್ಗೊಗೆ ಹೇಗೆ ಓಡಿಸಿದರೂ ರಾತ್ರಿಯಾಗುತ್ತದೆ. ನಾನು ರೊಹೆಲಿಯೊ ಕಡೆ ನೋಡಿದೆ. ಅವನು ಕಾರಿನ ಕೀಲಿಕೈ ಹಿಡಿದು ನೆಲ ನೋಡುತ್ತ ನಿಂತಿದ್ದ. ಅತ್ತೆ ಕೈ ಚಾಚಿದರು. ಫೋನಿನ ಸ್ಪೀಕರ್ ಒತ್ತಿ ಕೊಟ್ಟೆ.

"ಚೊನಾ."

"ಅಕ್ಕ," ದನಿ ತೀರಾ ಸಣ್ಣಗಿತ್ತು. "ಎಲ್ಲಿದೀಯ?"

ಅತ್ತೆ ಕಣ್ಣು ಮುಚ್ಚಿಕೊಂಡರು. "ಸೇತುವೆ ದಾಟಿದ್ವಿ ಕಣೇ. ಹ್ವಾರೆಸ್ ಊರೊಳಗಿದೀವಿ."

"ಬಿಟ್ರಾ?"

"ಬಿಟ್ರು. ಏನೂ ಕೇಳ್ಲಿಲ್ಲ."

"ಕಾಗದ ಆಯ್ತಾ?"

"ಎಲ್ಲಾ ಆಯ್ತು. ಇನ್ನು ಎಷ್ಟು ದಿನ ಬೇಕಾದ್ರೂ ನಿನ್ನ ಜೊತೆ ಇರಬಹುದು."

ಯಾದಿರಾ ಬಾಯಿಗೆ ಕೈ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಫೋನು ಇಟ್ಟ ಮೇಲೆ ಯಾರೂ ಕೂರಲಿಲ್ಲ, ಯಾರೂ ಹೊರಡಲೂ ಇಲ್ಲ. ಗಡಿಯಾರ ನೋಡುತ್ತಿದ್ದ ರೊಹೆಲಿಯೊ ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದ. "ಈಗ ಆಹುಮಾದಾ ಮುಟ್ಟಿರ್ತಿದ್ವಿ ಅಮ್ಮ." ಆ ರಸ್ತೆಯಲ್ಲಿ ಹಿಂದೆಲ್ಲ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದವನು, ಪ್ರತಿ ತಿರುವೂ ಬಾಯಿಪಾಠ. ನಾನು ಒಂದು ಬೆಳ್ಳಿಕಾಗದ ಬಿಡಿಸಿ ಅತ್ತೆಯ ಕೈಗಿಟ್ಟೆ. ಕೋಟು ತೊಟ್ಟೇ, ದಾರಿಯಲ್ಲಿ ತಿನ್ನುವವರ ಹಾಗೆ ಮೊಣಕಾಲ ಮೇಲೆ ಕಾಗದ ಹರಡಿಕೊಂಡು ತಿಂದರು. ಲಾಲೊ ಮತ್ತೆ ಫೋನು ಮಾಡಿದ.

"ಆಹುಮಾದಾದಲ್ಲಿ ನಿಲ್ಸಿದೀವಿ ಚೊನಾ. ಇಲ್ಲಿ ಬಂದು ಚೀಸಿನ ರೊಟ್ಟಿ ತಿನ್ದೆ ಹೋಗೋಕಾಗುತ್ತಾ?"

"ಖಾರ... ಹಾಕಿಸ್ಕೊಂಡ್ಯಾ?"

"ಹಾಕಿಸ್ಕೊಂಡೆ. ಕಣ್ಣಲ್ಲಿ ನೀರು ಬರ್ತಿದೆ ನೋಡು."

ಆ ಮಾತು ಮಾತ್ರ ನಿಜ.

ಆಮೇಲಿನ ಸಲ ಚಿವಾವಾ ನಗರ ದಾಟಿದೆವು. ಅದರ ಆಮೇಲೆ ದೆಲಿಸಿಯಾಸ್. ರೊಹೆಲಿಯೊ ಊರಿನ ಹೆಸರು ಪಿಸುಗುಟ್ಟುತ್ತಿದ್ದ, ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. ಚೊನಾಳ ಉತ್ತರ ಒಂದೊಂದೇ ಶಬ್ದಕ್ಕೆ ಇಳಿಯಿತು, ಕೊನೆಗೆ ಬರೀ ಉಸಿರು. ಯಾದಿರಾ ಅಜ್ಜಿಯ ಕಾಲ ಹತ್ತಿರ ಕುಳಿತು ಆ ಮನೆ ಈಗ ಹೇಗಿದೆಯೆಂದು ಒಂದೊಂದಾಗಿ ಹೇಳಿಕೊಟ್ಟಳು. ಅತ್ತೆ ಅದನ್ನು ನೋಡಿ ಹನ್ನೊಂದು ವರ್ಷವಾಗಿತ್ತು.

ಹನ್ನೆರಡು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಲಾಲೊನ ದನಿ ಒಡೆದಿತ್ತು. "ದೊಡ್ಡಮ್ಮ, ಬೇಗ."

"ಬಂದ್ವಿ ಚೊನಾ," ಎಂದರು ಅತ್ತೆ. "ಬೀದಿಗೆ ತಿರುಗಿದ್ವಿ. ಗೇಟಿಗೆ ನೀಲಿ ಬಣ್ಣ ಯಾವಾಗ ಹೊಡೆಸ್ದೆ? ಅಂಜೂರದ ಗಿಡಾನ ಇಷ್ಟು ಗಿಡ್ಡಕ್ಕೆ ಯಾಕೆ ಕಡಿಸ್ದೆ? ನಾಯಿ ಹಿಡ್ಕೊಳ್ಳೋಕೆ ಹೇಳು ನಿನ್ನ ಮಗನಿಗೆ."

"ಬಾಗಿಲ ಕಡೆ ತಿರುಗಿದಾಳೆ ದೊಡ್ಡಮ್ಮ," ಎಂದ ಲಾಲೊ. "ನೋಡ್ತಿದಾಳೆ. ಮಾತಾಡಿ."

"ಬಂದೆ ಮಗಾ. ಒಳಗೆ ಬಂದೆ. ಪಕ್ಕದಲ್ಲೇ ಕೂತಿದೀನಿ. ಇದು ನನ್ನ ಕೈ ಕಣೇ, ಹಿಡ್ಕೋ. ಎಲ್ಲಿ ನೋವು? ಹೇಳು ನನಗೆ. ಎಲ್ಲಿ ನೋವು?"

ಆ ಕಡೆಯಿಂದ ಏನೂ ಕೇಳಲಿಲ್ಲ. ಆಮೇಲೆ ಲಾಲೊ ಅಳುವುದು ಕೇಳಿತು. ಯಾರೋ ಹೆಂಗಸರು ಪ್ರಾರ್ಥನೆ ಶುರು ಮಾಡಿದರು. ಅತ್ತೆ ತಾವೂ ತುಟಿಯಾಡಿಸುತ್ತ, ಅದು ಮುಗಿಯುವವರೆಗೂ ಫೋನನ್ನು ಕೆನ್ನೆಗೆ ಒತ್ತಿಕೊಂಡೇ ಕುಳಿತಿದ್ದರು.

ರೊಹೆಲಿಯೊ ಹೊರಗೆ ಹೋದವನು ಕಾರಿನ ಬಾಗಿಲು ತೆರೆದ ಹಾಗೇ ಬಿಟ್ಟು ವಾಪಸ್ ಬಂದ. "ಅಮ್ಮ, ಮಣ್ಣಿಗಾದ್ರೂ ಹೋಗೋಣ್ವಾ? ಇಲ್ಲ, ಸಾಮಾನು ಇಳಿಸ್ಲಾ?" ಅತ್ತೆ ಅವನ ಕಡೆ ನೋಡಲಿಲ್ಲ. ಮುಖವೆಲ್ಲ ಬೆವರು. ನಾನು ಪಕ್ಕದಲ್ಲಿ ಕುಳಿತು ಅವರ ಕೋಟಿನ ಗುಂಡಿಗೆ ಕೈಹಾಕಿದೆ.

"ಅತ್ತೆ, ಕೋಟು ಬಿಚ್ಚಿ. ಸೆಕೆ ಆಗ್ತಿದೆ ನಿಮಗೆ."

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಇರು ನೊಎಮಿ," ಎಂದರು. "ಈಗ ತಾನೇ ಬಂದಿದೀನಿ. ಸ್ವಲ್ಪ ಹೊತ್ತು ಅವಳ ಹತ್ರ ಕೂತಿರ್ತೀನಿ."